ಓರೆಗನ್ನಡಿ

ಹಳೆಯ ಮನೆಗಳ ನಡುಮನೆಯ ಗೋಡೆಯ ಮೇಲೆ ಒಂದು ಬಗೆಯ ಫೋಟೋ ತೂಗುಹಾಕಿರುತ್ತಾರೆ, ನೀವೂ ನೋಡಿರುತ್ತೀರಿ. ಹತ್ತು ಹನ್ನೆರಡು ವರ್ಷದ ಹುಡುಗಿ, ರೇಷ್ಮೆ ಲಂಗ, ಸೊಂಟಕ್ಕೆ ಡಾಬು, ತಲೆಯಿಂದ ಬೆನ್ನ ಕೆಳಗಿನ ತನಕ ಮೊಗ್ಗಿನ ಜಡೆ. ಹುಡುಗಿ ಕ್ಯಾಮೆರಾ ಕಡೆ ಮುಖ ಮಾಡಿದ್ದಾಳೆ. ಸ್ಟುಡಿಯೋದವನು ಅವಳ ಹಿಂದೆ ಒಂದು ನಿಲುವುಗನ್ನಡಿಯನ್ನು ಓರೆಯಾಗಿ ನಿಲ್ಲಿಸಿದ್ದಾನೆ. ಮುಖವೂ ಜಡೆಯೂ ಒಂದೇ ಪಟದಲ್ಲಿ ಬಂದಿವೆ. ಅರ್ಧ ದಿನ ಕುತ್ತಿಗೆ ಅಲುಗಿಸದೆ ಕೂತು ಮೊಗ್ಗು ಹೊಲಿಸಿಕೊಂಡವಳು ಅವಳು. ಕೇರಿಯವರೆಲ್ಲ ಬಂದು ನೋಡಿ, ದೃಷ್ಟಿ ನಿವಾಳಿಸಿ, ರಾತ್ರಿ ಜಡೆ ಬಿಚ್ಚಿ, ಹೂವು ಬಾಡಿ, ವಾರ ಕಳೆದು ಫೋಟೋ ಕೈಗೆ ಬಂದಾಗ ಅವಳು ತನ್ನ ಜಡೆಯನ್ನು ಕಣ್ತುಂಬ ನೋಡುತ್ತಿದ್ದಳು.

ನಮ್ಮ ಕಣ್ಣಿನ ಪಾಡೇ ಅಷ್ಟು. ಅದು ಎದುರಿಗೆ ಇದ್ದುದನ್ನು ಮಾತ್ರ ನೋಡುತ್ತದೆ. ಬೆಳಕು ನೇರವಾಗಿ ಹೋಗುತ್ತದೆ, ಗೋಡೆ ಅಡ್ಡ ಬಂದರೆ ನಿಲ್ಲುತ್ತದೆ. ಮೂಲೆ ತಿರುಗಿ ಆಚೆ ಏನಿದೆ ಎಂದು ನೋಡಿ ಬರಲು ಅದಕ್ಕೆ ಬಾರದು. ಕನ್ನಡಿಗೆ ಅದು ಬರುತ್ತದೆ. ಬೆಳಕು ಯಾವ ಓರೆಯಲ್ಲಿ ಬಂದು ಕನ್ನಡಿಗೆ ಬಡಿಯುತ್ತದೋ ಅದೇ ಓರೆಯಲ್ಲಿ ಇನ್ನೊಂದು ಕಡೆಗೆ ಪುಟಿಯುತ್ತದೆ. ಗೋಡೆಗೆ ಚೆಂಡು ಎಸೆದು ಆಡಿದ ಮಕ್ಕಳಿಗೆಲ್ಲ ಗೊತ್ತಿರುವ ಲೆಕ್ಕ ಇದು. ಈ ಒಂದು ಲೆಕ್ಕವನ್ನಿಟ್ಟುಕೊಂಡು ಮನುಷ್ಯರು ಏನೇನು ಇಣುಕಿ ನೋಡಿದ್ದಾರೆ, ಯಾರು ಯಾರನ್ನು ನೋಡಿದ್ದಾರೆ ಎಂದು ಓದುತ್ತಾ ಹೋದಾಗ ನನಗೆ ಬೇಸರ ಬರಲಿಲ್ಲ. ಸಿಟ್ಟು ಮಾತ್ರ ಒಂದೆರಡು ಕಡೆ ಬಂತು.

ಯುರೋಪಿನ ಉತ್ತರ ಭಾಗದ ಊರುಗಳಲ್ಲಿ, ಹಾಲೆಂಡ್, ಡೆನ್ಮಾರ್ಕ್, ಸ್ವೀಡನ್‌ಗಳಲ್ಲಿ, ಹಳೆಯ ಮನೆಗಳ ಕಿಟಕಿಯ ಹೊರಗೆ ಕಬ್ಬಿಣದ ಸಣ್ಣ ತೋಳಿನ ಮೇಲೆ ಕನ್ನಡಿ ಕೂರಿಸಿರುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಇದು ಅಲ್ಲಿ ಸಾಮಾನ್ಯ ವಸ್ತು. ಈಗಲೂ ಅಲ್ಲೊಂದು ಇಲ್ಲೊಂದು ಉಳಿದಿವೆ. ಒಂದು ಕನ್ನಡಿ ಬೀದಿಯ ಆ ತುದಿಗೆ, ಇನ್ನೊಂದು ಈ ತುದಿಗೆ ತಿರುಗಿರುತ್ತದೆ. ಮಹಡಿಯ ಮನೆಯಾದರೆ ಕೆಳಬಾಗಿಲು ಕಾಣುವ ಹಾಗೆ ಬಗ್ಗಿಸಿದ್ದು ಮತ್ತೊಂದು. ಒಳಗೆ ಕುರ್ಚಿಯಲ್ಲಿ ಕೂತು ಹೊಲಿಗೆ ಹಾಕುತ್ತಲೋ ಮಗುವಿಗೆ ಹಾಲು ಕೊಡುತ್ತಲೋ ಕತ್ತು ಸ್ವಲ್ಪ ಎತ್ತಿದರೆ ಸಾಕು, ಬೀದಿಯಲ್ಲಿ ಯಾರು ಬರುತ್ತಿದ್ದಾರೆ, ಬಾಗಿಲು ತಟ್ಟುತ್ತಿರುವವನು ಹಾಲಿನವನೋ ಸಾಲಗಾರನೋ, ಎಲ್ಲ ಕಾಣುತ್ತದೆ. ಹೊರಗಿನವರಿಗೆ ನೀವು ಕಾಣುವುದಿಲ್ಲ.

ಹೆಚ್ಚಿನ ಹೊತ್ತು ಮನೆಯೊಳಗೇ ಕಳೆಯಬೇಕಾದವರಿಗೆ ಇದು ಎಂಥ ಉಪಕಾರ ಎಂದು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬಾಗಿಲ ಸಂದಿಯಲ್ಲಿ, ಕಿಟಕಿಯ ಪರದೆಯ ಅಂಚಿನಲ್ಲಿ ನಿಂತು ಮೆರವಣಿಗೆ ನೋಡಿದ ಅಜ್ಜಿಯಂದಿರ ವಂಶದವರು ನಾವು. ಆದರೆ ಆ ಕನ್ನಡಿಗೆ ಆ ಊರುಗಳವರು ಇಟ್ಟ ಹೆಸರುಗಳನ್ನು ನೋಡಿ. ಡಚ್ಚರು 'ಸ್ಪಿಯೋನೆಟ್ಯೆ' ಎಂದರು, ಪುಟ್ಟ ಗೂಢಚಾರ ಎಂದು ಅರ್ಥ. ಸ್ವೀಡನ್ನಿನವರು ಕರೆದದ್ದು ಚಾಡಿಗನ್ನಡಿ ಎಂದು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮೂರು ಕನ್ನಡಿಗಳ ಇಂಥದೇ ಜೋಡಣೆಗೆ 'ಬಿಸಿಬಾಡಿ' ಎಂದು ಹೆಸರು. ಕಂಡವರ ಉಸಾಬರಿ ಮಾಡುವವರಿಗೆ ಇಂಗ್ಲಿಷಿನಲ್ಲಿ ಬಳಸುವ ಮಾತು ಅದು. ಅದನ್ನು ಆ ಊರಿಗೆ ತಂದವನು ಬೆಂಜಮಿನ್ ಫ್ರಾಂಕ್ಲಿನ್ ಎಂದು ಅಲ್ಲಿ ಹೇಳಿಕೆಯಿದೆ. ತಂದವನ ಮೇಲೆ ಹೆಮ್ಮೆ, ನೋಡುವವಳ ಮೇಲೆ ಚಾಡಿಯ ಆಪಾದನೆ. ಡೇನರೊಬ್ಬರು ಮಾತ್ರ ಸುಮ್ಮನೆ ಬೀದಿಗನ್ನಡಿ ಎಂದು ಕರೆದು ಬಿಟ್ಟರು. ಅವರ ಬಗ್ಗೆ ನನಗೆ ಗೌರವವಿದೆ.

ಇದೇ ಉಪಾಯ ಗಂಡಸರ ಕೈಯಲ್ಲಿ ಇದ್ದಾಗ ಹೆಸರಿನ ಗತ್ತೇ ಬೇರೆ. ಬಾಲ್ಟಿಕ್ ಕಡಲ ದಂಡೆಯ ಡಾನ್ಸಿಗ್ ಊರಿನಲ್ಲಿ (ಈಗಿನ ಪೋಲೆಂಡಿನ ಗ್ಡಾನ್ಸ್ಕ್) ಹೆವೇಲಿಯಸ್ ಎಂಬ ಖಗೋಳ ಪಂಡಿತನಿದ್ದ. ಅವನು 1637ರಲ್ಲಿ ಕನ್ನಡಿ, ಮಸೂರಗಳನ್ನು ಕೊಳವೆಯಲ್ಲಿ ಸೇರಿಸಿ, ಮರೆಯಲ್ಲಿ ನಿಂತೇ ಆಚೆಯದನ್ನು ನೋಡುವ ಸಾಧನ ಮಾಡಿದ. ಅದಕ್ಕೆ ಅವನಿಟ್ಟ ಹೆಸರು ಪೋಲೆಮೋಸ್ಕೋಪ್. ಗ್ರೀಕ್ ಭಾಷೆಯಲ್ಲಿ ಪೋಲೆಮೋಸ್ ಎಂದರೆ ಯುದ್ಧ. ಮುಂದೆ ಜಲಾಂತರ್ಗಾಮಿಗಳಲ್ಲಿ, ಮೊದಲನೆಯ ಮಹಾಯುದ್ಧದ ಕಂದಕಗಳಲ್ಲಿ ಪೆರಿಸ್ಕೋಪ್ ಎಂದು ಬಳಕೆಗೆ ಬಂದ ಸಾಧನಗಳ ಪೂರ್ವಜ ಇದು. ಕಂದಕದಿಂದ ತಲೆ ಎತ್ತಿದವನ ತಲೆ ಉಳಿಯುತ್ತಿರಲಿಲ್ಲ, ಅದಕ್ಕೇ ಕನ್ನಡಿಯನ್ನು ಎತ್ತಿ ಹಿಡಿಯುತ್ತಿದ್ದರು. (ಹೆವೇಲಿಯಸನ ಮಾತು ಬಂದಾಗ ಅವನ ಎರಡನೆಯ ಹೆಂಡತಿ ಎಲಿಸಬೆತ್‌ಳನ್ನು ಬಿಟ್ಟುಬಿಡಬಾರದು. ಗಂಡನ ಜೊತೆ ದೊಡ್ಡ ಉಪಕರಣದ ಒಂದು ಕಡೆ ತಾನು ನಿಂತು ನಕ್ಷತ್ರಗಳ ಸ್ಥಾನ ಅಳೆದವಳು. 1687ರಲ್ಲಿ ಅವನು ತೀರಿಕೊಂಡ ಮೇಲೆ ಅವರಿಬ್ಬರ ನಕ್ಷತ್ರಪಟ್ಟಿಯನ್ನು 1690ರಲ್ಲಿ ಅಚ್ಚು ಹಾಕಿಸಿದವಳೂ ಅವಳೇ.)

ಯುದ್ಧದ ಈ ಸಾಧನ ಹದಿನೆಂಟನೆಯ ಶತಮಾನದಲ್ಲಿ ಪ್ಯಾರಿಸ್, ಲಂಡನ್‌ಗಳ ನಾಟಕಶಾಲೆಗಳಿಗೆ ಬಂತು. ನೋಡಲು ಸಣ್ಣ ದುರ್ಬೀನು. ಆದರೆ ಪಕ್ಕದಲ್ಲಿ ಒಂದು ತೂತು, ಒಳಗೆ ಓರೆಯಾಗಿ ಕೂರಿಸಿದ ಕನ್ನಡಿ. ರಂಗಸ್ಥಳ ನೋಡುವವರ ಹಾಗೆ ಎದುರಿಗೆ ಹಿಡಿದುಕೊಂಡು ಪಕ್ಕದ ಸಾಲಿನಲ್ಲಿ ಕೂತವರನ್ನು ನೋಡಬಹುದು. ಹೊಟ್ಟೆಕಿಚ್ಚಿನ ದುರ್ಬೀನು ಎಂಬುದು ಅದರ ಹೆಸರು. ಗಂಡಸರೂ ಹೆಂಗಸರೂ ಕೊಂಡರು. ನಾಟಕ ಯಾರು ನೋಡಿದರೋ!

ಓರೆಯಾಗಿ ನೋಡುವುದು ಒಂದು ಉಪಾಯವಾದರೆ, ಒಂದೇ ಸಲಕ್ಕೆ ಎಲ್ಲವನ್ನೂ ನೋಡುವುದು ಇನ್ನೊಂದು. ಬೆಳಗಿದ ಸ್ಟೀಲ್ ಚೊಂಬನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ನೋಡಿ. ಅದರ ಉಬ್ಬಿದ ಮೈಯಲ್ಲಿ ಕಿಟಕಿ, ಬಾಗಿಲು, ಪಾತ್ರೆ ಗೂಡು, ನಡುವೆ ದಪ್ಪ ಮೂಗಿನ ನೀವು, ಎಲ್ಲ ಇರುತ್ತೀರಿ. ಉಬ್ಬುಗನ್ನಡಿಯ ಗುಣ ಅದು. ನೋಟ ಹಿಗ್ಗುತ್ತದೆ, ವಸ್ತು ಕುಗ್ಗಿ ದೂರ ಸರಿದ ಹಾಗೆ ಕಾಣುತ್ತದೆ. ಸ್ಕೂಟರಿನ ಪಕ್ಕದ ಕನ್ನಡಿಯಲ್ಲಿ ದೂರವಿದೆ ಎನಿಸಿದ ಲಾರಿ ನಿಜವಾಗಿ ಹತ್ತಿರವೇ ಇರುವುದು ಇದರಿಂದ. ದೊಡ್ಡ ಚಪ್ಪಟೆ ಗಾಜು ಮಾಡಲು ಬಾರದ ಕಾಲದಲ್ಲಿ ಯುರೋಪಿನವರು ಊದಿದ ಗಾಜಿನ ಬುರುಡೆಯನ್ನು ಕತ್ತರಿಸಿ ಕನ್ನಡಿ ಮಾಡುತ್ತಿದ್ದರು, ಆದ್ದರಿಂದ ಅವರ ಮನೆಗಳ ಕನ್ನಡಿಗಳೇ ಉಬ್ಬಾಗಿದ್ದವು. ಯಾನ್ ವಾನ್ ಐಕ್ ಎಂಬ ಚಿತ್ರಕಾರ 1434ರಲ್ಲಿ ಬರೆದ ದಂಪತಿಗಳ ಚಿತ್ರದಲ್ಲಿ ಹಿಂದಿನ ಗೋಡೆಯ ಮೇಲೆ ಅಂಥದೊಂದು ಇದೆ. ಅದರಲ್ಲಿ ದಂಪತಿಗಳ ಬೆನ್ನೂ, ಬಾಗಿಲಲ್ಲಿ ನಿಂತ ಇನ್ನಿಬ್ಬರೂ ಕಾಣುತ್ತಾರೆ.

ನಮ್ಮ ಊರಿನ ಹೊಸ ಮನೆಗಳ ಬಾಗಿಲಿಗೆ ಕಣ್ಣು ಇಡಿಸುವುದು ಈಗ ರೂಢಿ. ಬೆರಳು ಗಾತ್ರದ ಹಿತ್ತಾಳೆಯ ಕೊಳವೆ. ಹೊರಗಡೆ ನಡು ತಗ್ಗಾದ ಮಸೂರ, ಒಳಗಡೆ ನಡು ಉಬ್ಬಿದ ಮಸೂರ. ಹೊರಗಿನದು ಅಗಲವಾದ ನೋಟವನ್ನು ಕಿರಿದು ಮಾಡಿ ಒಳಕ್ಕೆ ಕಳಿಸುತ್ತದೆ, ಒಳಗಿನದು ಅದನ್ನು ಕಣ್ಣಿಗೆ ಸರಿಹೊಂದಿಸುತ್ತದೆ. ಹೊರಗೆ ನಿಂತವನು ಅದರಲ್ಲಿ ಕಣ್ಣಿಟ್ಟರೆ ಅವನಿಗೆ ಒಂದು ಚುಕ್ಕೆ ಬೆಳಕು ಬಿಟ್ಟು ಹೆಚ್ಚೇನೂ ತಿಳಿಯುವುದಿಲ್ಲ. ಮಧ್ಯಾಹ್ನ ಒಬ್ಬಳೇ ಇರುವ ಹೆಂಗಸು ಗಂಟೆ ಬಾರಿಸಿದವನ ಬುಗ್ಗೆ ಕೆನ್ನೆಯ ಮುಖವನ್ನು ನೋಡಿ, ಬಾಗಿಲು ತೆಗೆಯುವುದೋ ಬಿಡುವುದೋ ಎಂದು ನಿರ್ಧರಿಸುತ್ತಾಳೆ. ಇದನ್ನು ಚಾಡಿಗಣ್ಣು ಎಂದು ಯಾರೂ ಕರೆದಿಲ್ಲ, ಪುಣ್ಯ.

ಬೀದಿ, ಬಾಗಿಲು ಆಯಿತು. ನನಗೆ ಎಲ್ಲಕ್ಕಿಂತ ಇಷ್ಟವಾದ ಕತೆ ಮೈಯೊಳಗಿನದು. ಅದರ ನಾಯಕ ಒಬ್ಬ ಸಂಗೀತದ ಮೇಷ್ಟರು.

ಮನುವೆಲ್ ಗಾರ್ಸಿಯಾ ಹುಟ್ಟಿದ್ದು 1805ರಲ್ಲಿ, ಸ್ಪೇನಿನಲ್ಲಿ. ಅಪ್ಪ ದೊಡ್ಡ ಗಾಯಕ, ಅವನ ಹೆಸರೂ ಮನುವೆಲ್ ಗಾರ್ಸಿಯಾ. ತಂಗಿಯರಿಬ್ಬರು, ಮರಿಯಾ ಮಲಿಬ್ರಾನ್ ಮತ್ತು ಪೌಲಿನ್ ವಿಯಾರ್ಡೊ, ಯುರೋಪನ್ನೇ ಮರುಳು ಮಾಡಿದ ಗಾಯಕಿಯರು. ಮರಿಯಾ ಕುದುರೆಯಿಂದ ಬಿದ್ದ ಪೆಟ್ಟಿನಿಂದಾಗಿ 28ನೆಯ ವಯಸ್ಸಿಗೇ ಹೋದಳು. ಹಾಡಿಯೇ ಬದುಕುವ ಆ ಮನೆಯಲ್ಲಿ ಮಗ ಮನುವೆಲನ ಗಂಟಲು ಎಳೆಯ ವಯಸ್ಸಿನಲ್ಲೇ ಕೆಟ್ಟಿತು. 1825ರಲ್ಲಿ ಮನೆಮಂದಿಯೆಲ್ಲ ನ್ಯೂಯಾರ್ಕಿಗೆ ಹೋಗಿ ಹಾಡುನಾಟಕ ಆಡಿಬಂದರಲ್ಲ, ಅದಾದ ಕೆಲವೇ ವರ್ಷಕ್ಕೆ ಅವನು ರಂಗ ಬಿಟ್ಟ. ಗಂಟಲು ಏಕೆ ಕೆಟ್ಟಿತು ಎಂದು ಯಾರಿಗೂ ಹೇಳಲಾಗಲಿಲ್ಲ. ಸತ್ತವರ ಗಂಟಲನ್ನು ಕೊಯ್ದು ನೋಡಿದ ವೈದ್ಯರಿದ್ದರೇ ಹೊರತು, ಹಾಡುತ್ತಿರುವ ಗಂಟಲನ್ನು ಚೆನ್ನಾಗಿ ಕಂಡವರು ಇರಲಿಲ್ಲ. ಅವನು ಪ್ಯಾರಿಸ್ಸಿನ ಸೈನಿಕ ಆಸ್ಪತ್ರೆಗಳಿಗೆ ಹೋಗಿ ಗಂಟಲಿನ ರಚನೆ ಕಲಿತ, ಹಾಡು ಹೇಳಿಕೊಡುವ ಗುರುವಾದ. 1841ರಲ್ಲಿ ಸ್ವೀಡನ್ನಿನಿಂದ ಜೆನ್ನಿ ಲಿಂಡ್ ಎಂಬ ಹುಡುಗಿ ದಣಿದು ಒಡೆದ ದನಿ ಹೊತ್ತು ಅವನ ಬಳಿಗೆ ಬಂದಳು. ಕೆಲವು ವಾರ ಬಾಯಿ ಮುಚ್ಚಿಕೊಂಡಿರು, ಆಮೇಲೆ ಬಾ ಎಂದು ಕಳಿಸಿದ. ಅವಳು ಹಾಗೇ ಮಾಡಿದಳು. ಮುಂದೆ ಜಗತ್ಪ್ರಸಿದ್ಧಳಾದಳು.

ಆದರೂ ಅವನ ಆಸೆ ಉಳಿದೇ ಇತ್ತು. 1854ರ ಸೆಪ್ಟೆಂಬರಿನಲ್ಲಿ ಒಂದು ದಿನ ಪ್ಯಾರಿಸ್ಸಿನ ಪಾಲೆ ರೊಯಾಲ್ ಎಂಬ ಜಾಗದಲ್ಲಿ ಅಡ್ಡಾಡುತ್ತಿದ್ದಾಗ ಕಿಟಕಿಯ ಗಾಜಿನ ಮೇಲೆ ಬಿಸಿಲು ಬಿದ್ದು ಫಳಕ್ಕನೆ ಹೊಳೆಯಿತು. ಎರಡು ಕನ್ನಡಿ ಸಾಕು ಎಂದು ಅವನಿಗೆ ತೋಚಿತು. ನೇರ ವೈದ್ಯೋಪಕರಣಗಳ ಅಂಗಡಿಗೆ ಹೋಗಿ, ಉದ್ದ ಹಿಡಿಯ ಪುಟ್ಟ ಕನ್ನಡಿ ಇದೆಯೇ ಎಂದು ಕೇಳಿದ. ಹಲ್ಲಿನ ವೈದ್ಯರಿಗೆಂದು ಮಾಡಿ ಖರ್ಚಾಗದೆ ಉಳಿದಿದ್ದದ್ದು ಒಂದಿತ್ತು, ಆರು ಫ್ರಾಂಕಿಗೆ ಕೊಟ್ಟರು. ಮನೆಗೆ ಬಂದು ಅದನ್ನು ಬಿಸಿನೀರಿನಲ್ಲಿ ಅದ್ದಿ, ಒರೆಸಿ (ಬಿಸಿ ಇಲ್ಲದಿದ್ದರೆ ಉಸಿರಿಗೆ ಮಂಜು ಕಟ್ಟುತ್ತದೆ), ಗಂಟಲಿನ ಹಿಂದಕ್ಕೆ ಕಿರುನಾಲಗೆಗೆ ತಾಗುವಂತೆ ಹಿಡಿದ. ಇನ್ನೊಂದು ಕೈಯ ಕನ್ನಡಿಯಿಂದ ಬಿಸಿಲನ್ನು ಬಾಯೊಳಗೆ ಬಿಟ್ಟ. ಕೈಗನ್ನಡಿಯಲ್ಲಿ ಅವನದೇ ಧ್ವನಿತಂತುಗಳು ಕಂಡವು. ತೆರೆದವು, ಮುಚ್ಚಿದವು, ದನಿ ಎತ್ತಿದಾಗ ಬಿಗಿದವು. ನಲವತ್ತೊಂಬತ್ತರ ವಯಸ್ಸಿನಲ್ಲಿ ಆ ಮೇಷ್ಟರು ತನ್ನ ದನಿ ಹುಟ್ಟುವ ಜಾಗವನ್ನು ತಾನೇ ಕಂಡ. ನೋಡಿದವನೂ ಅವನೇ, ನೋಡಿಸಿಕೊಂಡವನೂ ಅವನೇ, ಎರಡೂ ಕನ್ನಡಿ ಅವನ ಕೈಯಲ್ಲೇ ಇದ್ದವು.

1855ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಇದನ್ನೆಲ್ಲ ಬರೆದು ಕಳಿಸಿದ. ವೈದ್ಯರು ಮೊದಲು ಅಷ್ಟಾಗಿ ತಲೆಕೆಡಿಸಿಕೊಳ್ಳಲಿಲ್ಲ. ಮೂರು ವರ್ಷದೊಳಗೆ ವಿಯೆನ್ನಾದ ಟ್ಯುರ್ಕ್, ಪೆಸ್ಟ್ ನಗರದ ಚೆರ್ಮಾಕ್ ಎಂಬಿಬ್ಬರು ವೈದ್ಯರು ಅದೇ ಕನ್ನಡಿಯನ್ನು ರೋಗಿಗಳ ಗಂಟಲಿಗೆ ಹಿಡಿದರು. ಮೊದಲು ಹಿಡಿದವರು ನಾವು, ತಾವು ಎಂದು ಜಗಳವನ್ನೂ ಆಡಿದರು. ಚೆರ್ಮಾಕ್ ಬಿಸಿಲಿನ ಬದಲು ದೀಪದ ಬೆಳಕು ಬಳಸಿದ್ದರಿಂದ ಮೋಡ ಮುಚ್ಚಿದ ದಿನವೂ ಗಂಟಲು ಕಾಣುವಂತಾಯಿತು. ಗಾರ್ಸಿಯಾ ಜಗಳಕ್ಕೆ ಹೋಗದೆ ಲಂಡನ್ನಿನಲ್ಲಿ ಪಾಠ ಹೇಳಿಕೊಂಡಿದ್ದ. ನೂರು ತುಂಬಿದಾಗ, 1905ರಲ್ಲಿ, ವೈದ್ಯರು, ಗಾಯಕರು, ರಾಜಮನೆತನದವರು ಸೇರಿ ಸನ್ಮಾನ ಮಾಡಿದರು. ಮರುವರ್ಷ ತೀರಿಕೊಂಡ.

ಈ ಕನ್ನಡಿಯ ಪರಿಚಯ ನನಗೆ ಪುಸ್ತಕದಿಂದ ಆದದ್ದಲ್ಲ. ಹೈಸ್ಕೂಲಿನಲ್ಲಿ ಅರವತ್ತು ಮಕ್ಕಳ ತರಗತಿಗಳಿಗೆ ದಿನಕ್ಕೆ ಐದು ಪಿರಿಯಡ್ ಕೂಗಿ ಹೇಳಿ, ಸೀಮೆಸುಣ್ಣದ ಪುಡಿ ಕುಡಿದು, ಒಂದು ವರ್ಷ ಅರ್ಧವಾರ್ಷಿಕ ಪರೀಕ್ಷೆಯ ಹೊತ್ತಿಗೆ ನನ್ನ ದನಿ ಕೂತುಹೋಯಿತು. ಜೇಷ್ಠಮಧು, ಉಪ್ಪುನೀರು, ಮೆಣಸಿನ ಕಷಾಯ ಎಲ್ಲ ಮುಗಿಸಿ ಗಂಟಲಿನ ಡಾಕ್ಟರ ಹತ್ತಿರ ಹೋದೆ. ಹಣೆಗೆ ನಡುವೆ ತೂತಿದ್ದ ದುಂಡು ಕನ್ನಡಿ ಕಟ್ಟಿಕೊಂಡಿದ್ದರು. ಉದ್ದ ಹಿಡಿಯ ಪುಟ್ಟ ಕನ್ನಡಿಯನ್ನು ಸ್ಪಿರಿಟ್ ದೀಪದ ಮೇಲೆ ಕಾಯಿಸಿ, ತಮ್ಮ ಮುಂಗೈಗೆ ತಾಗಿಸಿ ಬಿಸಿ ನೋಡಿ, ಬಟ್ಟೆಯಲ್ಲಿ ನನ್ನ ನಾಲಗೆ ಹಿಡಿದೆಳೆದು, "ಈ ಅನ್ನಿ" ಎಂದರು. ನಾಲಗೆ ಇನ್ನೊಬ್ಬರ ಕೈಯಲ್ಲಿರುವಾಗ 'ಈ' ಅನ್ನುವುದು ಎಷ್ಟು ಕಷ್ಟ ಎಂದು ಅನುಭವಿಸಿದವರಿಗೇ ಗೊತ್ತು. ನನಗೆ ಕಂಡದ್ದು ಕಣ್ಣು ಕೋರೈಸುವ ಬೆಳಕೊಂದೇ. "ಎರಡು ಕಡೆಯೂ ಸಣ್ಣ ಗಂಟು ಎದ್ದಿದೆ, ಒಂದು ತಿಂಗಳು ಮಾತಾಡಕೂಡದು" ಎಂದರು. ನನಗೂ ತೋರಿಸುತ್ತೀರಾ ಎಂದು ಪಿಸುದನಿಯಲ್ಲಿ ಕೇಳಿದೆ. "ನೋಡಿ ಏನು ಮಾಡ್ತೀರಮ್ಮ" ಎಂದು ನಕ್ಕು ಕನ್ನಡಿಯನ್ನು ತಟ್ಟೆಗೆ ಹಾಕಿದರು. ತಿಂಗಳು ಪೂರ್ತಿ ಸ್ಲೇಟು ಹಿಡಿದುಕೊಂಡು ಸಂಸಾರ ಮಾಡಿದೆ. ಮನೆಯವರು ಆ ತಿಂಗಳನ್ನು ಈಗಲೂ ಸಂತೋಷದಿಂದ ನೆನೆಯುತ್ತಾರೆ.

ನೋಡಿ ಏನು ಮಾಡ್ತೀರಿ ಎಂಬ ಮಾತು ಮಾತ್ರ ಮನಸ್ಸಿನಲ್ಲಿ ಉಳಿಯಿತು. ಗಂಟಲಿಗಿಂತ ಗುಟ್ಟಿನ ಜಾಗಗಳ ವಿಷಯದಲ್ಲಿ ಹೆಂಗಸರಿಗೆ ಆ ಮಾತನ್ನು ಎಷ್ಟು ಕಾಲದಿಂದ ಹೇಳಿಕೊಂಡು ಬಂದಿದ್ದಾರೆ!

ಹೆರಿಗೆ ಆಸ್ಪತ್ರೆಯಲ್ಲಿ ಒಳಪರೀಕ್ಷೆಗೆ ಬಳಸುವ ಸ್ಪೆಕ್ಯುಲಮ್ ಎಂಬ ಸಾಧನ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಲ್ಯಾಟಿನ್ ಭಾಷೆಯಲ್ಲಿ ಆ ಪದಕ್ಕೆ ಕನ್ನಡಿ ಎಂದೇ ಅರ್ಥ. ಅದರ ಒಂದು ಮುಖ್ಯ ರೂಪವನ್ನು ಮಾಡಿದವನು ಅಮೆರಿಕದ ಮೇರಿಯನ್ ಸಿಮ್ಸ್ ಎಂಬ ವೈದ್ಯ, 1845ರಲ್ಲಿ, ಅಲಬಾಮಾ ರಾಜ್ಯದ ಮಾಂಟ್ಗೊಮರಿ ಊರಿನಲ್ಲಿ. ಮೊದಲಿಗೆ ಒಂದು ಚಮಚೆಯ ಹಿಡಿಯನ್ನು ಬಗ್ಗಿಸಿ ನೋಡಿದನಂತೆ. ಅವನ ಮುಂದಿದ್ದವರು ಗುಲಾಮ ಹೆಂಗಸರು. ಹೆರಿಗೆ ದಿನಗಟ್ಟಲೆ ತಡೆದು ನಿಂತು, ಮೂತ್ರಕೋಶಕ್ಕೂ ಯೋನಿಗೂ ನಡುವೆ ತೂತು ಬಿದ್ದು, ಮೂತ್ರ ಸದಾ ಸೋರುತ್ತಿದ್ದವರು. ಅನಾರ್ಕಾ, ಬೆಟ್ಸಿ, ಲೂಸಿ ಎಂಬ ಮೂವರ ಹೆಸರು ಮಾತ್ರ ಉಳಿದಿದೆ. ಅವರ ಒಪ್ಪಿಗೆ ಬೇಕಾಗಿರಲಿಲ್ಲ, ಒಡೆಯರ ಒಪ್ಪಿಗೆ ಸಾಕಾಗಿತ್ತು. ಮತ್ತು ಬರುವ ಔಷಧ 1846ರಲ್ಲೇ ಬಳಕೆಗೆ ಬಂದಿದ್ದರೂ ಅವರಿಗೆ ಕೊಡಲಿಲ್ಲ. ಅನಾರ್ಕಾ ಒಬ್ಬಳ ಮೇಲೆ ಸುಮಾರು ಮೂವತ್ತು ಸಲ ಕತ್ತರಿಯಾಡಿತು. ಜೊತೆಗಿದ್ದ ವೈದ್ಯರು ಬೇಸತ್ತು ಬಿಟ್ಟುಹೋದ ಮೇಲೆ, ಒಬ್ಬಳ ಶಸ್ತ್ರಕ್ರಿಯೆಗೆ ಉಳಿದವರೇ ಸಹಾಯಕರಾಗಿ ನಿಂತರು. 1849ರಲ್ಲಿ ಬೆಳ್ಳಿಯ ತಂತಿಯಿಂದ ಹೊಲಿದ ಗಾಯ ಮಾಯಿತು. ಆಮೇಲೆ ಲೋಕದ ಎಷ್ಟೋ ಹೆಂಗಸರು ಆ ವಿದ್ಯೆಯಿಂದ ಬದುಕು ಮರಳಿ ಪಡೆದರು, ಅದನ್ನು ಇಲ್ಲವೆನ್ನಲಾಗದು. ಸಿಮ್ಸ್‌ಗೆ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಪ್ರತಿಮೆ ನಿಂತಿತು. 2018ರ ಏಪ್ರಿಲಿನಲ್ಲಿ ಅದನ್ನು ಅಲ್ಲಿಂದ ತೆಗೆದರು. 2021ರಲ್ಲಿ ಮಾಂಟ್ಗೊಮರಿಯಲ್ಲೇ ಮಿಶೆಲ್ ಬ್ರೌಡರ್ ಎಂಬ ಕಲಾವಿದೆ ಗುಜರಿ ಲೋಹದ ತುಂಡುಗಳನ್ನು ಬೆಸೆದು ಆ ಮೂವರು ಹೆಂಗಸರ ಎತ್ತರದ ಪ್ರತಿಮೆಗಳನ್ನು ನಿಲ್ಲಿಸಿದಳು.

ನೂರಿಪ್ಪತ್ತು ಚಿಲ್ಲರೆ ವರ್ಷ ಆ ಕನ್ನಡಿಯಲ್ಲಿ ವೈದ್ಯರು ನೋಡಿದರು, ಹೆಂಗಸರು ಸೂರು ನೋಡುತ್ತ ಮಲಗಿದರು. 1971ರಲ್ಲಿ ಲಾಸ್ ಏಂಜಲೀಸಿನಲ್ಲಿ ಕ್ಯಾರಲ್ ಡೌನರ್ ಎಂಬಾಕೆ, ಆರು ಮಕ್ಕಳ ತಾಯಿ, ಪುಸ್ತಕದಂಗಡಿಯೊಂದರಲ್ಲಿ ಸೇರಿದ್ದ ಹೆಂಗಸರಿಗೆ ಪ್ಲಾಸ್ಟಿಕ್ಕಿನ ಸ್ಪೆಕ್ಯುಲಮ್ ಹಿಡಿದು ತನ್ನ ಗರ್ಭಕೋಶದ ಕೊರಳನ್ನೇ ತೋರಿಸಿದಳು. ಒಂದು ಟಾರ್ಚು, ಒಂದು ಕೈಗನ್ನಡಿ ಇದ್ದರೆ ಯಾವ ಹೆಂಗಸೂ ತನ್ನದನ್ನು ತಾನು ನೋಡಿಕೊಳ್ಳಬಹುದು ಎಂದಳು. ಓದಿದಾಗ ನನಗೂ ಮೊದಲು ಮುಜುಗರವೇ ಆಯಿತು. ಬಿಳಿಸೆರಗು ಎಂಬ ಪದವನ್ನೂ ಪಿಸುಮಾತಿನಲ್ಲಿ ಆಡಿ, ರೋಗ ಬಲಿತ ಮೇಲೆ ಆಸ್ಪತ್ರೆಗೆ ಹೋದ ನಮ್ಮ ನೆಂಟರಿಷ್ಟರ ಹೆಂಗಸರನ್ನು ಒಬ್ಬೊಬ್ಬರಾಗಿ ನೆನೆಸಿಕೊಂಡ ಮೇಲೆ ಆ ಮುಜುಗರ ಉಳಿಯಲಿಲ್ಲ. 1972ರ ಸೆಪ್ಟೆಂಬರಿನಲ್ಲಿ ಪೊಲೀಸರು ಅವರ ಕೇಂದ್ರಕ್ಕೆ ನುಗ್ಗಿದರು. ಅಲ್ಲಿ ಮದ್ದಾಗಿ ಬಳಸುತ್ತಿದ್ದ ಮೊಸರೂ ತನಿಖೆಯಲ್ಲಿ ದೊಡ್ಡ ಸುದ್ದಿಯಾಯಿತು. ಪರವಾನಗಿ ಇಲ್ಲದೆ ವೈದ್ಯ ಮಾಡಿದಳು ಎಂದು ಡೌನರ್ ಮೇಲೆ ಮೊಕದ್ದಮೆ ಹೂಡಿದರು. ಡಿಸೆಂಬರಿನಲ್ಲಿ ಜ್ಯೂರಿ ಆಕೆಯನ್ನು ಖುಲಾಸೆ ಮಾಡಿತು.

ಬೆಳಕು ನೇರವಾಗಿ ಮಾತ್ರ ಹೋಗುತ್ತದೆ ಎಂದು ಮೊದಲಿಗೆ ಹೇಳಿದೆನಲ್ಲ, ಆ ಮಾತನ್ನು ಒಪ್ಪದೆ ಕೂತ ಹುಡುಗನೊಬ್ಬ ನಮ್ಮ ದೇಶದಲ್ಲಿದ್ದ. ಪಂಜಾಬಿನ ಮೋಗಾದಲ್ಲಿ 1926ರಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ. ಡೆಹರಾಡೂನಿನ ಶಾಲೆಯಲ್ಲಿ ಮೇಷ್ಟರು ಹಾಗೆ ಹೇಳಿದ್ದೇ ತನ್ನ ತಲೆಯಲ್ಲಿ ಹುಳು ಬಿಟ್ಟಿತು ಎಂದು ಆತನೇ ಹೇಳಿಕೊಂಡಿದ್ದಾರೆ. 1954ರಲ್ಲಿ ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಎಂಬ ಪ್ರೊಫೆಸರರ ಜೊತೆ ಸೇರಿ, ಕೂದಲೆಳೆಯಂಥ ಗಾಜಿನ ತಂತುಗಳ ಕಟ್ಟೊಂದರ ಮೂಲಕ ಚಿತ್ರವನ್ನು ಸಾಗಿಸಿದ್ದನ್ನು ಪ್ರಕಟಿಸಿದರು. ಕಟ್ಟನ್ನು ಬಾಗಿಸಿದರೂ ಬೆಳಕು ಒಳಗಿನ ಗೋಡೆಗೆ ಬಡಿದು ಬಡಿದು ಮುಂದೆ ಹೋಗುತ್ತದೆ, ತಂತುವಿನ ಒಳಮೈಯೇ ಉದ್ದಕ್ಕೂ ಕನ್ನಡಿ. 1957ರಲ್ಲಿ ಅಮೆರಿಕದಲ್ಲಿ ಬೆಸಿಲ್ ಹಿರ್ಶೊವಿಟ್ಸ್ ಎಂಬ ವೈದ್ಯ ಇಂಥ ತಂತುಗಳಿಂದ ಹೊಟ್ಟೆಯೊಳಗನ್ನು ನೋಡುವ ಬಳುಕುವ ನಳಿಗೆ ಮಾಡಿ, ಅದನ್ನು ಮೊದಲು ನುಂಗಿಸಿದ್ದು ತನಗೇ. ಆಮೇಲೆ ನಳಿಗೆಯ ಕೊನೆಗೆ ಟೀವಿ ಸೇರಿತು. ಒಬ್ಬರೇ ಕಣ್ಣಿಟ್ಟು ನೋಡುತ್ತಿದ್ದದ್ದು ಕೋಣೆಯಲ್ಲಿದ್ದವರಿಗೆಲ್ಲ ಕಾಣುವಂತಾಯಿತು.

ನಿವೃತ್ತಿಯಾದ ಮೇಲೆ ಒಂದು ಮಳೆಗಾಲದಲ್ಲಿ ನನ್ನ ದನಿ ಮತ್ತೆ ಒಡೆಯಿತು. ಜಿಲ್ಲಾ ಕೇಂದ್ರದ ಆಸ್ಪತ್ರೆಯೊಂದಕ್ಕೆ ಹೋದೆ. ಡಾಕ್ಟರು ನನ್ನ ವಿದ್ಯಾರ್ಥಿನಿಯಾಗಿರಬಹುದಾದ ವಯಸ್ಸಿನ ಹುಡುಗಿ. ಮೂಗಿಗೆ ಮರಗಟ್ಟುವ ಔಷಧಿ ಹಾಕಿ, ಶಾವಿಗೆಗಿಂತ ಸ್ವಲ್ಪ ದಪ್ಪದ ಕರಿಯ ನಳಿಗೆಯನ್ನು ನಿಧಾನವಾಗಿ ಒಳಗೆ ಬಿಟ್ಟರು. "ನೀವೂ ನೋಡಿಮ್ಮಾ" ಎಂದು ಟೀವಿಯನ್ನು ನನ್ನ ಕಡೆ ತಿರುಗಿಸಿದರು. ಕೆಂಪಗೆ ಒದ್ದೆಯಾದ ಗುಹೆ. ಅದರ ತಳದಲ್ಲಿ ಎರಡು ಬೆಳ್ಳನೆಯ ಪಟ್ಟಿಗಳು, ಅರ್ಧ ತೆರೆದ ಅಡಕೊತ್ತಿನ ಹಾಗೆ. ಒಂದರ ಅಂಚಿನಲ್ಲಿ ರಾಗಿಕಾಳಿನಷ್ಟು ಉಬ್ಬು. ಇಷ್ಟೇನಾ ಎನಿಸಿತು. ಇಷ್ಟು ಚಿಕ್ಕದರಿಂದ ಮೂವತ್ತು ವರ್ಷ ಪಾಠ ಹೇಳಿದೆ, ಜೋಗುಳ ಹಾಡಿದೆ, ಜಗಳ ಆಡಿದೆ. "ಈ ಅನ್ನಿ" ಎಂದರು. ಅಡಕೊತ್ತು ಮುಚ್ಚಿಕೊಂಡಿತು, ಅಂಚುಗಳು ಅದುರಿದವು, ಉಬ್ಬಿದ್ದ ಕಡೆ ಕೂದಲೆಳೆಯ ಸಂದಿ ಉಳಿಯಿತು. ಗಾಳಿ ಸೋರುತ್ತಿದ್ದದ್ದು ಅಲ್ಲೇ.

"ಸಾಕಮ್ಮ, ನಿಲ್ಲಿಸಬಹುದು" ಎಂದರು ಡಾಕ್ಟರು. ನಾನು ಇನ್ನೂ ಒಂದು ಉಸಿರಿನಷ್ಟು ಹೊತ್ತು ಎಳೆದೆ.